ಆರೋಗ್ಯ ಪ್ರಶ್ನೋತ್ತರ: ತುಕ್ಕು ಬಾಗಿಲಿಗೆ, ತೊಂದರೆ ಮೈಗೆ

ಮಳೆಗಾಲ ಮುಗಿದು ಹಳೆಯ ಕಾರುಗಳು ಹೊದಿಕೆ ಕಳಚಿ ಬಿಸಿಲಿಗೆ ಬರುವ ಸಮಯ ಇದು. ಹಳೆಯ ಬೆಂಜ್, ಬಿಎಂಡಬ್ಲ್ಯು, ವೋಲ್ವೊಗಳನ್ನು ಕಡಿಮೆ ಬೆಲೆಗೆ ಕೊಂಡು ರಜಾದಿನಗಳಲ್ಲಿ ತಾವೇ ರಿಪೇರಿ ಮಾಡುವ ಹವ್ಯಾಸ ಎಷ್ಟು ಹಬ್ಬಿದೆ ಎಂಬುದು ಈ ಸಲದ ಪತ್ರಗಳನ್ನು ನೋಡಿದರೆ ಗೊತ್ತಾಗುತ್ತದೆ. ಎಲ್ಲವೂ ಬಾಗಿಲ ತುಕ್ಕಿನ ಸುತ್ತಲೇ ಸುತ್ತುತ್ತಿವೆ. ಕಾರಿನ ಬಗ್ಗೆ ನನ್ನ ತಿಳಿವಳಿಕೆ ಅಷ್ಟಕ್ಕಷ್ಟೆ. ತುಕ್ಕು ಕೆರೆಯಲು ಹೋದವರ ಕೈ, ಕಣ್ಣು, ಎದೆಯನ್ನು ಮಾತ್ರ ಸಾಕಷ್ಟು ನೋಡಿದ್ದೇನೆ. ತುಕ್ಕಿಗೆ ಹೆದರುವ ಜನ ಅದನ್ನು ತೆಗೆಯಲು ಬಳಸುವ ಸಾಮಾನಿಗೆ ಹೆದರುವುದಿಲ್ಲ. ಹೆದರಬೇಕಾದದ್ದು ಅದಕ್ಕೇ.

ಪ್ರಶ್ನೆ: ನನಗೆ 62 ವರ್ಷ, ನಿವೃತ್ತ ಬ್ಯಾಂಕ್ ನೌಕರ. ಸಕ್ಕರೆ ಕಾಯಿಲೆ ಇದೆ. 1999ರ ಮಾಡೆಲ್ ಬೆಂಜ್ ಇ-ಕ್ಲಾಸ್ ಇಟ್ಟುಕೊಂಡಿದ್ದೇನೆ. ಮನೆ ಸಮುದ್ರಕ್ಕೆ ಹತ್ತಿರ. ನಾಲ್ಕೂ ಬಾಗಿಲುಗಳ ಕೆಳ ಅಂಚಿನಲ್ಲಿ ಬಣ್ಣ ಗುಳ್ಳೆ ಎದ್ದಿದೆ. ಡೋರ್ ಪ್ಯಾಡ್ ಬಿಚ್ಚಿ ಒಳಗಿನ ಕೆಸರು ತೆಗೆಯುವಾಗ ತುಕ್ಕು ಹಿಡಿದ ತಗಡು ಅಂಗೈಗೆ ಆಳವಾಗಿ ಹೊಕ್ಕಿತು. ಏಳು ವರ್ಷದ ಹಿಂದೆ ಒಂದು ಟಿ.ಟಿ. ಹಾಕಿಸಿಕೊಂಡಿದ್ದೆ. ಮನೆಯಲ್ಲಿ ಆರು ತಿಂಗಳಿಗೊಮ್ಮೆ ಬೇಕು ಎನ್ನುತ್ತಾರೆ. ಏನು ಮಾಡಲಿ?
– ಓದುಗರೊಬ್ಬರು, ಮಲ್ಪೆ

ಉತ್ತರ: ಆರು ತಿಂಗಳಿಗೊಮ್ಮೆ ಬೇಡ. ಆದರೆ ಈಗ ಬೇಕು, ಇವತ್ತೇ ಹಾಕಿಸಿಕೊಳ್ಳಿ.

ಧನುರ್ವಾಯು ತುಕ್ಕಿನಿಂದ ಬರುವುದಿಲ್ಲ. ಅದನ್ನು ತರುವುದು ಕ್ಲಾಸ್ಟ್ರಿಡಿಯಂ ಟೆಟನಿ ಎಂಬ ಬ್ಯಾಕ್ಟೀರಿಯಾ. ಅದರ ಬೀಜಕಗಳು ಮಣ್ಣು, ಧೂಳು, ದನದ ಸಗಣಿಯಲ್ಲಿ ವರ್ಷಗಟ್ಟಲೆ ಸಾಯದೆ ಬಿದ್ದಿರುತ್ತವೆ. ಗಾಳಿಯಾಡದ ಆಳವಾದ ಗಾಯ ಸಿಕ್ಕರೆ ಅಲ್ಲಿ ಚಿಗುರಿ ವಿಷ ಬಿಡುತ್ತವೆ. ಹೊಚ್ಚ ಹೊಸ ಸ್ಟೀಲ್ ಮೊಳೆಗೂ ಮಣ್ಣು ಮೆತ್ತಿದ್ದರೆ ಅಪಾಯ ಅಷ್ಟೇ. ತುಕ್ಕಿಗೆ ಕೆಟ್ಟ ಹೆಸರು ಬಂದಿರುವುದು ಅದು ಇರುವ ಜಾಗದಿಂದ.

ನಿಮ್ಮ ಬಾಗಿಲೂ ಅಂಥದೇ ಜಾಗ. ಗಾಜಿನ ಪಕ್ಕದ ರಬ್ಬರ್ ಬೀಡಿಂಗ್ ದಾಟಿ ಒಳಗಿಳಿದ ಮಳೆನೀರು ಬಾಗಿಲ ಅಡಿಯ ಸಣ್ಣ ತೂತುಗಳಿಂದ ಹರಿದುಹೋಗಬೇಕು. ಎಲೆ, ಮಣ್ಣು ಸೇರಿ ತೂತು ಕಟ್ಟಿದರೆ ನೀರು ಅಲ್ಲೇ ನಿಲ್ಲುತ್ತದೆ. ಹೊರ ತಗಡನ್ನು ಒಳಗೆ ಮಡಚಿದ ಸಂದಿಯಲ್ಲಿ ತುಕ್ಕು ಶುರುವಾಗುತ್ತದೆ. ಕಡಲ ಗಾಳಿಯ ಉಪ್ಪು ಅದಕ್ಕೆ ಕೈಜೋಡಿಸುತ್ತದೆ. ಹೊರಗೆ ಗುಳ್ಳೆ ಕಾಣುವ ಹೊತ್ತಿಗೆ ಒಳಗೆ ಎಷ್ಟೋ ದಿನದಿಂದ ಕೊಳೆತಿರುತ್ತದೆ. ನಿಮ್ಮ ಅಂಗೈಗೆ ಹೊಕ್ಕಿದ್ದು ರಸ್ತೆಯ ಆ ಹಳೆಯ ಕೆಸರು ಮೆತ್ತಿದ ತಗಡು.

ಲೆಕ್ಕ ಹೀಗಿದೆ. ಪೂರ್ತಿ ಲಸಿಕೆ ಆದವರಿಗೆ ಸಣ್ಣ, ಶುದ್ಧ ಗಾಯವಾದರೆ ಕೊನೆಯ ಇಂಜೆಕ್ಷನ್ ಆಗಿ 10 ವರ್ಷ ದಾಟಿದ್ದರೆ ಮಾತ್ರ ಮತ್ತೆ ಬೇಕು. ಆಳವಾದ ಅಥವಾ ಕೊಳಕು ಗಾಯಕ್ಕೆ 5 ವರ್ಷವೇ ಮಿತಿ. ಈ ಲೆಕ್ಕದಲ್ಲಿ ನೀವು ಅವಧಿ ದಾಟಿದ್ದೀರಿ. ಇನ್ನೂ ಒಂದು ಮಾತಿದೆ. ನಮ್ಮ ದೇಶದಲ್ಲಿ ಮಕ್ಕಳ ಲಸಿಕೆ ಕಾರ್ಯಕ್ರಮ ಆರಂಭವಾದದ್ದು 1978ರಲ್ಲಿ. ಆಗ ನೀವು ಪ್ರೌಢಶಾಲೆಯ ಹುಡುಗ. ಬಾಲ್ಯದ ಡೋಸುಗಳು ನಿಮಗೆ ಸಿಕ್ಕಿಲ್ಲದಿರುವ ಸಂಭವವೇ ಹೆಚ್ಚು. ಬಿದ್ದಾಗ, ಕೊಯ್ದುಕೊಂಡಾಗ ಅಲ್ಲೊಂದು ಇಲ್ಲೊಂದು ಚುಚ್ಚಿಸಿಕೊಂಡದ್ದು ಪೂರ್ತಿ ಲಸಿಕೆ ಆಗುವುದಿಲ್ಲ. ಈಗ ಒಂದು, ತಿಂಗಳಾದ ಮೇಲೆ ಇನ್ನೊಂದು, ಅಲ್ಲಿಂದ 6ರಿಂದ 12 ತಿಂಗಳ ಒಳಗೆ ಮೂರನೆಯದು – ಇಷ್ಟನ್ನು ಮುಗಿಸಿ. ಈಗ ಟಿ.ಟಿ. ಬದಲಿಗೆ ಡಿಫ್ತೀರಿಯಾ ರಕ್ಷಣೆಯೂ ಸೇರಿರುವ ಟಿಡಿ ಲಸಿಕೆ ಕೊಡುತ್ತಾರೆ, ಅದೇ ಒಳ್ಳೆಯದು. ಗಾಯ ನೋಡಿದ ವೈದ್ಯರು ಸಿದ್ಧ ಪ್ರತಿಕಾಯದ ಇನ್ನೊಂದು ಇಂಜೆಕ್ಷನ್ ಬೇಕೆಂದರೆ ಬೇಡ ಎನ್ನಬೇಡಿ.

ಇಂಜೆಕ್ಷನ್‌ಗಿಂತ ಮೊದಲು ಗಾಯ ತೊಳೆಯಬೇಕು. ನಲ್ಲಿ ನೀರಿನ ಕೆಳಗೆ ಸೋಪು ಹಚ್ಚಿ ಹತ್ತು ನಿಮಿಷ ತೊಳೆಯಿರಿ. ಕಾಫಿ ಪುಡಿ, ಅರಿಶಿನ, ಗ್ರೀಸು ಯಾವುದೂ ಬೇಡ. ಸಕ್ಕರೆ ಕಾಯಿಲೆಯವರ ಅಂಗೈ ಗಾಯ ಒಳಗೊಳಗೇ ಕೀವು ಕಟ್ಟುತ್ತದೆ. ಬೆರಳು ಮಡಚಲು ನೋವಾದರೆ, ಕೆಂಪು ಮಣಿಕಟ್ಟಿನ ಕಡೆ ಏರಿದರೆ ಆಸ್ಪತ್ರೆಗೆ ಹೋಗಿ. ಗಾಯವಾದ ಮೂರು ದಿನದಿಂದ ಮೂರು ವಾರದೊಳಗೆ ದವಡೆ ಬಿಗಿದು ಬಾಯಿ ತೆರೆಯಲು ಕಷ್ಟವಾದರಂತೂ ಒಂದು ಗಂಟೆಯೂ ತಡಮಾಡಬಾರದು.

ಪ್ರಶ್ನೆ: ಗ್ರೈಂಡರ್‌ನಲ್ಲಿ ಕಾರಿನ ಬಾಗಿಲು ಉಜ್ಜುವಾಗ ಕಣ್ಣಿಗೆ ಏನೋ ಬಿತ್ತು. ಗೆಳೆಯ ಕರವಸ್ತ್ರದ ತುದಿಯಿಂದ ತೆಗೆದ. ಮೂರು ದಿನವಾಯಿತು, ಇನ್ನೂ ಚುಚ್ಚುತ್ತದೆ, ನೀರು ಸುರಿಯುತ್ತದೆ. ಮೆಡಿಕಲ್ ಶಾಪಿನವರು ಕೊಟ್ಟ ಡ್ರಾಪ್ಸ್ ಹಾಕಿದರೆ ನೋವು ತಕ್ಷಣ ಹೋಗಿ ಮತ್ತೆ ಬರುತ್ತದೆ. ವಯಸ್ಸು 34.
– ಓದುಗರು, ಬೆಂಗಳೂರು

ಉತ್ತರ: ನಿಮ್ಮ ಗೆಳೆಯ ತೆಗೆದದ್ದು ಬಹುಶಃ ಅರ್ಧ ಮಾತ್ರ. ಬಿಸಿಯಾದ ಕಬ್ಬಿಣದ ಕಣ ಕಾರ್ನಿಯಾದಲ್ಲಿ, ಅಂದರೆ ಕಣ್ಣಿನ ಮುಂದಿನ ಪಾರದರ್ಶಕ ಪೊರೆಯಲ್ಲಿ, ಹೂತು ಕೂರುತ್ತದೆ. ಕಣ್ಣೀರಿನ ತೇವಕ್ಕೆ ಅದೂ ತುಕ್ಕು ಹಿಡಿಯುತ್ತದೆ. ಕೆಲವೇ ಗಂಟೆಗಳಲ್ಲಿ ಸುತ್ತ ಕಂದು ಬಣ್ಣದ ಉಂಗುರ ಮೂಡುತ್ತದೆ. ಕಣ ಹೋದರೂ ಉಂಗುರ ಉಳಿದು ಕಣ್ಣು ಕೆರಳಿಸುತ್ತಲೇ ಇರುತ್ತದೆ. ನೇತ್ರತಜ್ಞರು ಸ್ಲಿಟ್ ಲ್ಯಾಂಪ್ ಎಂಬ ಸೂಕ್ಷ್ಮದರ್ಶಕದ ಕೆಳಗೆ ಮರಗಟ್ಟಿಸುವ ಹನಿ ಹಾಕಿ, ಸೂಜಿ ತುದಿಯಿಂದಲೋ ಪುಟ್ಟ ಬೈರಿಗೆಯಿಂದಲೋ ಅದನ್ನು ಕೆರೆದು ತೆಗೆಯುತ್ತಾರೆ. ಕೆಲವೇ ನಿಮಿಷಗಳ ಕೆಲಸ.

ಅಂಗಡಿಯವರು ಕೊಟ್ಟ ಹನಿಯೇ ನನಗೆ ಹೆಚ್ಚು ಆತಂಕ ತಂದಿದೆ. ತಕ್ಷಣ ನೋವು ಹೋಗುತ್ತದೆ ಎಂದರೆ ಅದು ಮರಗಟ್ಟಿಸುವ ಹನಿ ಇರಬಹುದು. ಪರೀಕ್ಷೆಯ ಹೊತ್ತಿಗೆ ವೈದ್ಯರು ಒಂದೆರಡು ಹನಿ ಹಾಕುವ ಔಷಧ ಅದು. ಮನೆಯಲ್ಲಿ ದಿನವೂ ಹಾಕುತ್ತಿದ್ದರೆ ಕಾರ್ನಿಯಾ ಮಾಯುವುದೇ ನಿಂತು ಹುಣ್ಣಾಗುತ್ತದೆ. ಇಂದೇ ನಿಲ್ಲಿಸಿ, ಬಾಟಲಿಯನ್ನು ವೈದ್ಯರಿಗೆ ತೋರಿಸಿ.

ಗ್ರೈಂಡರ್ ವೇಗದಲ್ಲಿ ಹಾರಿದ ಚೂರು ಕೆಲವೊಮ್ಮೆ ಕಣ್ಣಿನ ಒಳಕ್ಕೇ ಹೊಕ್ಕಿರುತ್ತದೆ. ಹೊರಗೆ ಗುರುತೇ ಕಾಣದು. ಒಳಗುಳಿದ ಕಬ್ಬಿಣ ನಿಧಾನವಾಗಿ ದೃಷ್ಟಿಯನ್ನು ತಿನ್ನುತ್ತದೆ. ಸಂಶಯವಿದ್ದರೆ ಎಕ್ಸ್-ರೇ ಅಥವಾ ಸಿ.ಟಿ. ಮಾಡುತ್ತಾರೆ. ಎಂ.ಆರ್.ಐ. ಮಾತ್ರ ಮಾಡಿಸಬಾರದು; ಅದರ ಅಯಸ್ಕಾಂತ ಚೂರನ್ನು ಎಳೆದು ಕಣ್ಣನ್ನು ಹಾಳುಮಾಡೀತು. ಮುಂದೆ ಯಾವ ಕಾಯಿಲೆಗೇ ಎಂ.ಆರ್.ಐ. ಬರೆದರೂ ಈ ಘಟನೆಯನ್ನು ಮೊದಲೇ ಹೇಳಿ. ಓದುವ ಕನ್ನಡಕ ರಕ್ಷಣೆ ಕೊಡುವುದಿಲ್ಲ. ಬದಿಗಳೂ ಮುಚ್ಚಿದ ಗಾಗಲ್ಸ್ ಹಾಕಿ.

ಪ್ರಶ್ನೆ: ನಮ್ಮ ಯಜಮಾನರಿಗೆ ಹಳೆಯ ಕಾರಿನ ಹುಚ್ಚು. ಪೋರ್ಟಿಕೋದಲ್ಲೇ ಬಾಗಿಲ ತುಕ್ಕು ಕೆರೆದು, ಪುಟ್ಟಿ ಹಾಕಿ, ಹಾರ್ಡ್‌ನರ್ ಬೆರೆಸಿದ ಬಣ್ಣ ಸ್ಪ್ರೇ ಮಾಡುತ್ತಾರೆ. ಬಣ್ಣ ಹೊಡೆದ ದಿನ ರಾತ್ರಿ ಒಣಕೆಮ್ಮು, ಎದೆ ಬಿಗಿತ. ಮಾಸ್ಕ್ ಹಾಕುತ್ತೇನಲ್ಲ, ಇದು ಧೂಳಿನ ಅಲರ್ಜಿ ಎನ್ನುತ್ತಾರೆ. ಮನೆಯಲ್ಲಿ ನಾಲ್ಕು ವರ್ಷದ ಮೊಮ್ಮಗು ಇದೆ.
– ಗೃಹಿಣಿ, ಮೈಸೂರು

ಉತ್ತರ: ಅಮ್ಮಾ, ನಿಮ್ಮ ಯಜಮಾನರು ಇನ್ನೊಮ್ಮೆ ಆ ಗನ್ ಕೈಗೆತ್ತಿಕೊಳ್ಳದಂತೆ ನೋಡಿಕೊಳ್ಳಿ. ಎದೆಯ ಪರೀಕ್ಷೆ ಆಗುವವರೆಗಾದರೂ.

ಕಾರಿಗೆ ಹೊಳಪು ಕೊಡುವ ಎರಡು ಡಬ್ಬಿಯ ಬಣ್ಣಗಳಲ್ಲಿ, ಗ್ಯಾರೇಜಿನವರು ಟು-ಕೆ ಎನ್ನುವುದರಲ್ಲಿ, ಹಾರ್ಡ್‌ನರ್ ಎಂದರೆ ಸಾಮಾನ್ಯವಾಗಿ ಐಸೋಸಯನೇಟ್ ಗುಂಪಿನ ರಾಸಾಯನಿಕ. ಕೆಲಸದ ಜಾಗದಿಂದ ಬರುವ ಆಸ್ತಮಾಕ್ಕೆ ಜಗತ್ತಿನಾದ್ಯಂತ ಪ್ರಮುಖ ಕಾರಣಗಳಲ್ಲಿ ಇದೂ ಒಂದು. ಮೊದಮೊದಲು ಏನೂ ಆಗುವುದಿಲ್ಲ. ವಾರಗಳೋ ವರ್ಷಗಳೋ ಕಳೆದ ಮೇಲೆ ದೇಹ ಅದನ್ನು ಶತ್ರು ಎಂದು ಗುರುತು ಹಿಡಿಯುತ್ತದೆ. ಆಮೇಲೆ ತೀರಾ ಅತ್ಯಲ್ಪ ಪ್ರಮಾಣವೂ ಸಾಕು. ಬಣ್ಣ ಹೊಡೆದಾಗ ಸುಮ್ಮನಿದ್ದು ಗಂಟೆಗಳು ಕಳೆದ ಮೇಲೆ, ರಾತ್ರಿ ಕೆಮ್ಮು ಬರುವುದು ಇದರ ಗುಣ. ಹಾಗಾಗಿಯೇ ಬಹಳ ಜನ ಇದನ್ನು ಬಣ್ಣದೊಂದಿಗೆ ತಳುಕು ಹಾಕುವುದಿಲ್ಲ. ವಾಸನೆ ಬಂದಾಗ ಎಚ್ಚರವಾಗೋಣ ಎಂದರೆ ಆಗದು; ವಾಸನೆ ಮೂಗಿಗೆ ತಿಳಿಯುವ ಮೊದಲೇ ಮಿತಿ ದಾಟಿರುತ್ತದೆ. ಚರ್ಮಕ್ಕೆ ತಾಗಿದರೂ ಅಲರ್ಜಿ ಬೆಳೆಯಬಹುದು.

ಅವರು ಹಾಕುವ ಮಾಸ್ಕ್ ಧೂಳು ತಡೆದೀತು, ಈ ಆವಿಯನ್ನಲ್ಲ. ಒಳ್ಳೆಯ ಪೇಂಟ್ ಬೂತ್‌ಗಳಲ್ಲಿ ಹೊರಗಿನಿಂದ ಕೊಳವೆಯಲ್ಲಿ ಶುದ್ಧ ಗಾಳಿ ಬರುವ ಮುಖಗವಸು ಬಳಸುತ್ತಾರೆ. ಪೋರ್ಟಿಕೋದಲ್ಲಿ ಅದು ಆಗುವ ಮಾತಲ್ಲ. ಟು-ಕೆ ಎಂದು ಬರೆದ ಸ್ಪ್ರೇ ಕ್ಯಾನ್‌ನಲ್ಲೂ ಸಾಮಾನ್ಯವಾಗಿ ಇದೇ ವಸ್ತು; ಡಬ್ಬಿ ಚಿಕ್ಕದು ಎಂದು ಮೋಸಹೋಗಬೇಡಿ. ಶ್ವಾಸಕೋಶ ತಜ್ಞರಲ್ಲಿ ಸ್ಪೈರೋಮೆಟ್ರಿ ಮಾಡಿಸಿ. ಪೀಕ್ ಫ್ಲೋ ಮೀಟರ್ ಎಂಬ ಕಡಿಮೆ ಬೆಲೆಯ ಕೊಳವೆ ಸಿಗುತ್ತದೆ. ಬೆಳಿಗ್ಗೆ, ಸಂಜೆ ಅದರಲ್ಲಿ ಊದಿ ಬರೆದಿಟ್ಟರೆ ವೈದ್ಯರಿಗೆ ಅರ್ಧ ರೋಗ ಅಲ್ಲೇ ತಿಳಿಯುತ್ತದೆ. ಬೇಗ ದೂರ ಸರಿದವರು ಬಹಳಷ್ಟು ಚೇತರಿಸಿಕೊಳ್ಳುತ್ತಾರೆ. ಇನ್‌ಹೇಲರ್ ಎಳೆದುಕೊಂಡು ಬಣ್ಣ ಮುಂದುವರಿಸಿದವರಿಗೆ ಕಾಯಿಲೆ ಕಾಯಂ ಆಗುತ್ತದೆ. ಕೈಯಿಂದಲೇ ಮಾಡಬೇಕೆಂಬ ಹಟವಿದ್ದರೆ ತುಕ್ಕು ಕೆರೆದ ಜಾಗಕ್ಕೆ ಹಾರ್ಡ್‌ನರ್ ಇಲ್ಲದ ಪ್ರೈಮರ್, ಟಚ್‌ಅಪ್ ಬಣ್ಣವನ್ನು ಬ್ರಷ್‌ನಲ್ಲಿ ಹಚ್ಚಲಿ. ಹೊಳಪು ಸ್ವಲ್ಪ ಕಡಿಮೆಯಾದೀತು, ಇರಲಿ.

ಮಗುವಿನ ಮಾತು. ಹಳೆಯ ಕಾರುಗಳ ಬಣ್ಣ, ಪ್ರೈಮರ್‌ಗಳಲ್ಲಿ ಸೀಸ, ಕ್ರೋಮಿಯಂ ಇರಬಹುದು. 2017ರ ನವೆಂಬರ್‌ನಿಂದ ನಮ್ಮಲ್ಲಿ ಸೀಸಕ್ಕೆ 90 ಪಿಪಿಎಂ ಮಿತಿ ಇದೆ ನಿಜ, ಅದು ಮನೆಗೆ ಹೊಡೆಯುವ ಬಣ್ಣಕ್ಕೆ. ಒಣಗಿದ್ದನ್ನು ಉಜ್ಜಿದರೆ ಆ ಪುಡಿ ನೆಲದ ಮೇಲೆ ಕೂರುತ್ತದೆ, ಮಗು ಆಡುವುದು ಅದೇ ನೆಲದಲ್ಲಿ. ನೀರು ಹಾಕಿ ಉಜ್ಜಬೇಕು, ಪೊರಕೆಯ ಬದಲು ಒದ್ದೆ ಬಟ್ಟೆಯಿಂದ ಒರೆಸಬೇಕು, ಕೆಲಸದ ಬಟ್ಟೆಯನ್ನು ಬೇರೆಯಾಗಿ ಒಗೆಯಬೇಕು. ಇದು ಬಹಳ ದಿನ ನಡೆದಿದ್ದರೆ ಮಗುವಿನ ರಕ್ತದಲ್ಲಿ ಸೀಸದ ಪರೀಕ್ಷೆ ಮಾಡಿಸುವುದು ಒಳ್ಳೆಯದು.

ಪ್ರಶ್ನೆ: ತುಕ್ಕು ತೆಗೆಯಲು ಲೇಬಲ್ ಇಲ್ಲದ ಬಾಟಲಿಯ ಆಸಿಡ್ ತಂದು ಬರಿಗೈಯಲ್ಲಿ ಹಚ್ಚಿದೆ. ಆಗ ಏನೂ ಅನ್ನಿಸಲಿಲ್ಲ. ರಾತ್ರಿ ಬೆರಳ ತುದಿ ಉಗುರಿನ ಕೆಳಗೆ ಸಹಿಸಲಾಗದ ನೋವು; ನೋಡಿದರೆ ಸುಟ್ಟ ಗುರುತೇ ಇರಲಿಲ್ಲ. ಈಗ ಕಡಿಮೆಯಾಗಿದೆ. ಬೇರೆ ಏನು ಬಳಸಬಹುದು?
– ಅಡಿಕೆ ಬೆಳೆಗಾರ, ಶಿರಸಿ

ಉತ್ತರ: ಗುರುತಿಲ್ಲದೆ ತಡವಾಗಿ ಬರುವ ಇಂಥ ನೋವು ಹೈಡ್ರೋಫ್ಲೋರಿಕ್ ಆಮ್ಲದ ಸಹಿ. ತುಕ್ಕಿನ ಕಲೆ ತೆಗೆಯುವ, ಚಕ್ರ ತೊಳೆಯುವ ಕೆಲವು ದ್ರಾವಣಗಳಲ್ಲಿ ಅದು ಅಥವಾ ಅಮೋನಿಯಂ ಬೈಫ್ಲೋರೈಡ್ ಇರುತ್ತದೆ. ತೆಳುವಾಗಿದ್ದರೆ ನೋವು ಬರಲು ಒಂದು ದಿನವೇ ಹಿಡಿಯಬಹುದು. ಅದು ಚರ್ಮದೊಳಕ್ಕೆ ಇಳಿದು ಕ್ಯಾಲ್ಸಿಯಂ ಕಸಿಯುತ್ತದೆ. ಹೆಚ್ಚು ತಾಗಿದರೆ ಹೃದಯದ ಬಡಿತವೇ ತಪ್ಪುತ್ತದೆ. ತಕ್ಷಣ ನೀರಿನಲ್ಲಿ ತೊಳೆದು ಆಸ್ಪತ್ರೆಗೆ ಹೋಗಬೇಕು, ಕ್ಯಾಲ್ಸಿಯಂ ಗ್ಲುಕೊನೇಟ್ ಜೆಲ್ ಹಚ್ಚಬೇಕು. ನೀವು ಈಗಲೂ ಬೆರಳನ್ನು ತೋರಿಸಿ, ಬಾಟಲಿಯನ್ನೂ ಒಯ್ಯಿರಿ. ಕಕ್ಕಸು ತೊಳೆಯುವ ಆಸಿಡ್ ಕೂಡ ಬೇಡ. ಅದು ಬ್ಲೀಚಿಂಗ್ ಪೌಡರ್ ಜತೆ ಸೇರಿದರೆ ಕ್ಲೋರಿನ್ ಅನಿಲ ಏಳುತ್ತದೆ.

ಟ್ಯಾನಿಕ್ ಆಮ್ಲದ ಕನ್ವರ್ಟರ್ ಕೇಳಿ ಪಡೆಯಿರಿ. ನಿಮ್ಮ ಅಡಿಕೆ ಚೊಗರಿನಲ್ಲಿರುವ ಟ್ಯಾನಿನ್‌ನ ಬಂಧು ಅದು. ತುಕ್ಕಿನೊಂದಿಗೆ ಸೇರಿ ನೀಲಿಗಪ್ಪು ಪದರವಾಗುತ್ತದೆ. ಫಾಸ್ಫಾರಿಕ್ ಆಮ್ಲದ್ದೂ ನಡೆಯುತ್ತದೆ. ಎರಡಕ್ಕೂ ನೈಟ್ರೈಲ್ ಕೈಗವಸು, ಕನ್ನಡಕ ಬೇಕು. ತಂಪು ಪಾನೀಯದ ಬಾಟಲಿಗೆ ಸುರಿದಿಡಬೇಡಿ. ಮನೆಯಲ್ಲಿ ಮಕ್ಕಳು ಕುಡಿದುಬಿಡುವುದು ಹೀಗೇ.

ಪ್ರಶ್ನೆ: ಇಲ್ಲಿ ಚಳಿಗಾಲದಲ್ಲಿ ರಸ್ತೆಗೆ ಸುರಿಯುವ ಉಪ್ಪಿನಿಂದ ಕಾರಿನ ಬಾಗಿಲು ತಿಂದುಹೋಗಿದೆ. ಗ್ಯಾರೇಜ್ ಮುಚ್ಚಿ, ಸೀಮೆಎಣ್ಣೆ ಹೀಟರ್ ಹಚ್ಚಿ ರಿಪೇರಿ ಮಾಡಿದ ದಿನಗಳಲ್ಲಿ ವಿಪರೀತ ತಲೆನೋವು. ಥಿನ್ನರ್ ವಾಸನೆ ಕಾರಣವೇ?
– ಕನ್ನಡಿಗರು, ಟೊರಾಂಟೊ

ಉತ್ತರ: ಥಿನ್ನರ್ ಇರಬಹುದು, ಮುಚ್ಚಿದ ಗ್ಯಾರೇಜಿನಲ್ಲಿ ಹೀಟರ್ ಬಿಡುವ ಕಾರ್ಬನ್ ಮೊನಾಕ್ಸೈಡ್ ಕೂಡ ಇರಬಹುದು. ಎರಡನೆಯದು ಕೊಲ್ಲುತ್ತದೆ, ಅದಕ್ಕೆ ವಾಸನೆಯೇ ಇಲ್ಲ. ಥಿನ್ನರ್ ಆವಿ ತುಂಬಿದ ಕೋಣೆಯಲ್ಲಿ ಉರಿಯುವ ಹೀಟರ್ ಇಟ್ಟರೆ ಬೆಂಕಿಯ ಭಯ ಬೇರೆ. ಈ ಕೆಲಸವನ್ನು ವಸಂತಕ್ಕೆ ಮುಂದೂಡಿ.

ಪ್ರಶ್ನೆ: ಗ್ಯಾರೇಜಿನಲ್ಲಿ ಟಿಂಕರಿಂಗ್ ಕೆಲಸ ಮಾಡುತ್ತೇನೆ, ವಯಸ್ಸು 27. ಕಾರಿನ ಬಾಗಿಲಿಗೆ ಹೊಸ ತಗಡು ಕೂರಿಸಿ ವೆಲ್ಡಿಂಗ್ ಮಾಡಿದ ರಾತ್ರಿ ಚಳಿಜ್ವರ, ಮೈಕೈ ನೋವು, ಬಾಯಿಯಲ್ಲಿ ಲೋಹದ ರುಚಿ. ಮರುದಿನ ಸರಿಹೋಗುತ್ತದೆ. ಮಲೇರಿಯಾ ಇಲ್ಲ ಎಂದರು. ಬೆಲ್ಲ, ಬಾಳೆಹಣ್ಣು ತಿಂದರೆ ಹೊಗೆ ಕಳೆಯುತ್ತದೆ ಎನ್ನುತ್ತಾರೆ ಮೇಸ್ತ್ರಿ.
– ಕೆಲಸಗಾರ, ಹುಬ್ಬಳ್ಳಿ

ಉತ್ತರ: ಇದು ಸತುವಿನ ಹೊಗೆಯಿಂದ ಬರುವ ಜ್ವರ. ತುಕ್ಕು ತಡೆಯಲು ತಗಡಿಗೆ ಸತುವಿನ ಲೇಪ ಇರುತ್ತದೆ. ವೆಲ್ಡಿಂಗ್ ಕಾವಿಗೆ ಅದು ಬಿಳಿ ಹೊಗೆಯಾಗಿ ಎದೆಗೆ ಹೋಗುತ್ತದೆ. ನಾಲ್ಕಾರು ಗಂಟೆ ಕಳೆದು ಜ್ವರ ಬರುತ್ತದೆ, ಒಂದೆರಡು ದಿನದಲ್ಲಿ ಇಳಿಯುತ್ತದೆ. ದಿನವೂ ಮಾಡುವವರಿಗೆ ಒಗ್ಗಿದಂತಾಗಿ, ಭಾನುವಾರ ರಜೆ ಕಳೆದು ಸೋಮವಾರ ಮತ್ತೆ ಕಾಣಿಸಿಕೊಳ್ಳುವುದೂ ಉಂಟು. ಬೆಲ್ಲ, ಬಾಳೆಹಣ್ಣು ಹೊಟ್ಟೆಗೆ ಹೋಗುತ್ತವೆ, ಎದೆಗಲ್ಲ. ತಿನ್ನಿ, ಆದರೆ ನಂಬಿ ಕೂರಬೇಡಿ. ಬೆಸುಗೆ ಹಾಕುವ ಜಾಗದ ಲೇಪವನ್ನು ಮೊದಲು ಉಜ್ಜಿ ತೆಗೆಯಿರಿ. ಹೊಗೆ ಮುಖದಿಂದ ಆಚೆ ಹೋಗುವಂತೆ ಫ್ಯಾನ್ ಇಡಿ. ವೆಲ್ಡಿಂಗ್ ಹೊಗೆಗೆಂದೇ ಇರುವ ಮಾಸ್ಕ್ ಕೇಳಿ. ಉಸಿರು ಕಟ್ಟಿದರೆ ಮಾತ್ರ ಮನೆಯಲ್ಲಿ ಕಾಯಬೇಡಿ. ಹಳೆಯ ಬೋಲ್ಟುಗಳ ಮೇಲಿನ ಕ್ಯಾಡ್ಮಿಯಂ ಹೊಗೆಯೂ ಜ್ವರದಂತೆಯೇ ಶುರುವಾಗಿ ಪ್ರಾಣಕ್ಕೆ ಎರವಾಗುತ್ತದೆ. ಇಎಸ್‌ಐ ಇದ್ದರೆ ಕೆಲಸದ ವಿವರವನ್ನು ಚೀಟಿಯಲ್ಲಿ ಬರೆಸಿಕೊಳ್ಳಿ. ಕೆಲಸದಿಂದ ಬರುವ ಆಸ್ತಮಾ ಪರಿಹಾರ ಸಿಗುವ ಕಾಯಿಲೆಗಳ ಪಟ್ಟಿಯಲ್ಲಿದೆ. ಮುಂದೆ ನಿಮಗೋ ಜತೆಗಾರರಿಗೋ ಆ ಬರಹ ಬೇಕಾದೀತು.

ಕಾರನ್ನು ಗ್ಯಾರೇಜಿಗೆ ಕೊಟ್ಟು ನಿಶ್ಚಿಂತರಾಗುವ ಮಾಲೀಕರಲ್ಲಿ ಒಂದು ವಿನಂತಿ. ಪುಟ್ಟಿಗೆಷ್ಟು, ಪ್ರೈಮರ್‌ಗೆಷ್ಟು ಎಂದು ಚೌಕಾಸಿ ಮಾಡುವಾಗ ಬಣ್ಣ ಹೊಡೆಯುವ ಹುಡುಗನ ಮುಖಕ್ಕೆ ಏನು ಹಾಕಿಸುತ್ತೀರಿ ಎಂದೂ ಕೇಳಿ. ಕರವಸ್ತ್ರ ಎಂಬ ಉತ್ತರ ಬಂದರೆ ಬೇರೆ ಗ್ಯಾರೇಜ್ ಹುಡುಕಿ.