ಎರೆ ಸೀಮೆಯವರಿಗೆ ಒಬ್ಬ ಕಡಲ ವಿಜ್ಞಾನಿ

ಕಡಲ ವಿಜ್ಞಾನಿ ಎಂದ ಕೂಡಲೇ ನರಗುಂದದ ಹುಡುಗರು ಹಡಗು, ಮೀನು, ಮುತ್ತು ಎನ್ನುತ್ತಾರೆ. ಇರಲಿ, ಅದೂ ತಪ್ಪಲ್ಲ. ಆದರೆ ಮುಂಗಾರಿಗೆ ಹೆಸರು, ಹಿಂಗಾರಿಗೆ ಕಡಲೆ, ಬಿಳಿಜೋಳ ಬಿತ್ತುವ ನಾವು ಮೊದಲು ಪರಿಚಯ ಮಾಡಿಕೊಳ್ಳಬೇಕಾದವರು ಸುಲೋಚನಾ ಗಾಡ್ಗೀಳ್.

ಹುಟ್ಟಿದ್ದು 1944ರಲ್ಲಿ, ಪುಣೆಯಲ್ಲಿ. ಗಣಿತದ ಹಾದಿ ಹಿಡಿದು ಅಮೆರಿಕದ ಹಾರ್ವರ್ಡ್‌ಗೆ ಹೋದರು. ಸಾಗರ ಪ್ರವಾಹಗಳು ಏಕೆ ಬಳುಕುತ್ತ ಹರಿಯುತ್ತವೆ ಎಂಬುದು ಅಲ್ಲಿನ ಸಂಶೋಧನೆ. ಮರಳಿ ಬಂದು 1973ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ಸೇರಿದರು. ಮಳೆಯ ಬೆನ್ನು ಹತ್ತಿದ್ದು ಈ ನೆಲದಲ್ಲಿ.

ಮಳೆಗೆ ಮೋಡ ಬೇಕು, ಮೋಡಕ್ಕೆ ಬೆಚ್ಚಗಿನ ಕಡಲು ಬೇಕು. ಎಷ್ಟು ಬೆಚ್ಚಗೆ? ಪಿ.ವಿ. ಜೋಸೆಫ್, ಎನ್.ವಿ. ಜೋಶಿ ಅವರೊಂದಿಗೆ 1984ರಲ್ಲಿ ಇವರು ಕೊಟ್ಟ ಉತ್ತರ: ಸುಮಾರು 28 ಡಿಗ್ರಿ ಸೆಲ್ಸಿಯಸ್. ಮೇಲ್ಮೈ ನೀರು ಅದಕ್ಕಿಂತ ತಣ್ಣಗಿದ್ದರೆ ಎತ್ತರದ ಮಳೆಮೋಡ ಏಳುವುದು ಅಪರೂಪ. ಇಲ್ಲಿ ಸ್ವಲ್ಪ ನಿಧಾನಿಸಿ. 28 ದಾಟಿದರೆ ಮೋಡ ಏಳಲೇಬೇಕೆಂದಿಲ್ಲ, ಏಳಬಹುದು ಅಷ್ಟೇ. ಈ ಎರಡನ್ನೂ ಒಂದೇ ಎಂದುಕೊಳ್ಳುವವರೇ ಹೆಚ್ಚು.

ಮುಂಗಾರಿನ ಗಾಳಿ ಅರಬ್ಬಿ ಸಮುದ್ರವನ್ನು ಕಲಕಿ ತಣ್ಣಗಾಗಿಸುತ್ತದೆ. ಬಂಗಾಳ ಕೊಲ್ಲಿಯಲ್ಲಿ ಹಾಗಲ್ಲ. ಗಂಗೆ, ಬ್ರಹ್ಮಪುತ್ರಗಳ ಸಿಹಿನೀರು ಉಪ್ಪುನೀರಿನ ಮೇಲೆ ಹಾಲಿನ ಕೆನೆಯಂತೆ ನಿಲ್ಲುತ್ತದೆ. ಕೆಳಗಿನ ತಣ್ಣೀರು ಸುಲಭವಾಗಿ ಮೇಲೆ ಬರುವುದಿಲ್ಲ. ಆದ್ದರಿಂದಲೇ ಅಲ್ಲಿ ಒಂದರ ಹಿಂದೊಂದು ವಾಯುಭಾರ ಕುಸಿತ. 1999ರ ಮುಂಗಾರಿನಲ್ಲಿ 'ಸಾಗರ ಕನ್ಯಾ' ಹಡಗು ಕೊಲ್ಲಿಯಲ್ಲಿ ನಿಂತು ಅಳತೆ ಮಾಡಿದ್ದು ಇದನ್ನೇ ತಿಳಿಯಲು.

ಎಲ್ ನಿನೋ ಬಂದರೆ ಬರಗಾಲ ಎಂಬ ಮಾತು ಈಗ ಸಂತೆಯಲ್ಲೂ ಕೇಳುತ್ತದೆ. ಆದರೆ 1997ರ ಎಲ್ ನಿನೋ ಭಾರೀ ಪ್ರಬಲ, ದೇಶದ ಮಳೆ ಮಾತ್ರ ವಾಡಿಕೆಯಷ್ಟೇ ಬಿತ್ತು. 2002ರದು ಅಷ್ಟೇನೂ ಜೋರಲ್ಲ, ಆದರೂ ಬರ ಬಿತ್ತು. ಈ ಗಂಟನ್ನು ಗಾಡ್ಗೀಳ್ ಮತ್ತು ಸಂಗಡಿಗರು 2004ರಲ್ಲಿ ಬಿಡಿಸಿದರು. ಹಿಂದೂ ಮಹಾಸಾಗರದ ಸಮಭಾಜಕದ ಮೇಲೆ ಪಶ್ಚಿಮದಲ್ಲಿ, ಅಂದರೆ ಆಫ್ರಿಕಾದ ಕಡೆ, ಮೋಡ ಹೆಚ್ಚಿದರೆ ನಮ್ಮ ಮಳೆಗೆ ಅನುಕೂಲ. ಪೂರ್ವದಲ್ಲಿ, ಸುಮಾತ್ರಾ ಕಡೆ ಹೆಚ್ಚಿದರೆ ಕಷ್ಟ. ಎಲ್ ನಿನೋ ಜೊತೆ ಇದನ್ನೂ ನೋಡಬೇಕು.

ನನಗೆ ಹೆಚ್ಚು ಹಿಡಿಸಿದ್ದು ಅವರ ಪಾವಗಡದ ಕೆಲಸ. ಮಳೆಯಾಶ್ರಯದ ಶೇಂಗಾ ಬೆಳೆಯುವ ರೈತರೊಂದಿಗೆ ಕೂತು, ನಿಮಗೆ ಯಾವ ತೀರ್ಮಾನ ಕಷ್ಟ ಎಂದು ಮೊದಲು ಕೇಳಿದರು. ಬಿತ್ತನೆ ಯಾವಾಗ ಎಂಬುದೇ ಆ ಪ್ರಶ್ನೆ. ಹಲವು ವರ್ಷಗಳ ಮಳೆ ದಾಖಲೆಯನ್ನು ಬೆಳೆಯ ಕಂಪ್ಯೂಟರ್ ಮಾದರಿಗೆ ಹಾಕಿ ನೋಡಿದಾಗ, ಮೊದಲ ಹದಮಳೆಗೆ ಆತುರಪಡದೆ ಜುಲೈ ಮಧ್ಯದ ನಂತರ ಬಿತ್ತಿದರೆ ಬೆಳೆ ಕೈಕೊಡುವ ಅಪಾಯ ಕಡಿಮೆ ಎಂದು ಕಂಡಿತು.

ಹಾಗಂತ ಆ ತಾರೀಖು ತಂದು ನಮ್ಮ ಹೊಲದಲ್ಲಿ ಕೂರಿಗೆ ಹೂಡಬೇಡಿ. ಅಲ್ಲಿಯದು ಕೆಂಪು ಮಣ್ಣು, ಬೇಗ ಒಣಗುತ್ತದೆ. ನಮ್ಮ ಎರೆ ತೇವ ಹಿಡಿದಿಡುತ್ತದೆ. ಇಲ್ಲಿನ ಕಡಲೆಗೆ ಅಂಥ ಲೆಕ್ಕ ಬೇಕೆಂದರೆ ನರಗುಂದದ ಮಳೆ ದಾಖಲೆ ಹಿಡಿದು ಮೊದಲಿನಿಂದ ಕೂರಬೇಕು.