ಯುವಜನರ ಆರ್ಥಿಕ ಸ್ವಾತಂತ್ರ್ಯ: ಗಲ್ಲಾದ ಸಲಿಗೆಯೋ, ಖಾತೆಯ ಸಂಬಳವೋ?

ಹೊಳೆನರಸೀಪುರ ತಾಲ್ಲೂಕಿನ ಹರದನಹಳ್ಳಿಯ ರೈತ ಕುಟುಂಬದಲ್ಲಿ 1933ರಲ್ಲಿ ಜನಿಸಿದ ಎಚ್.ಡಿ. ದೇವೇಗೌಡರು ಸಿವಿಲ್ ಎಂಜಿನಿಯರಿಂಗ್ ಡಿಪ್ಲೊಮಾ ಪಡೆದು, 1962ರಲ್ಲಿ ಶಾಸಕರಾಗುವ ಮುನ್ನ ಗುತ್ತಿಗೆದಾರರಾಗಿದ್ದವರು. ಸ್ವಂತ ಕಸುಬಿನ ಸಂಪಾದನೆಯೇ ಯುವಕನ ಆರ್ಥಿಕ ಸ್ವಾತಂತ್ರ್ಯದ ಮೊದಲ ಮೆಟ್ಟಿಲು.

ವರ್ತಕರ ಮನೆಗಳಲ್ಲಿ ಸ್ಥಿತಿ ಅನೇಕ ವೇಳೆ ಬೇರೆ. ದಿನವಿಡೀ ಅಂಗಡಿಯಲ್ಲಿ ದುಡಿಯುವ ಮಗನಿಗೆ ಸಂಬಳವಿಲ್ಲ. ಬೇಕೆಂದಾಗ ಗಲ್ಲಾದಿಂದ ತೆಗೆದುಕೊಳ್ಳುವ ಸಲಿಗೆ ಮಾತ್ರ ಉಂಟು. (ಮಗಳಿಗೆ ಆ ಸಲಿಗೆಯೂ ಅಪರೂಪ.) ಇದರಿಂದ ಮಗನಿಗೆ ತನ್ನ ದುಡಿಮೆಯ ಬೆಲೆ ತಿಳಿಯದು, ತಂದೆಗೆ ವ್ಯಾಪಾರದ ನಿಜವಾದ ಲಾಭವೂ ತಿಳಿಯದು. ತಿಂಗಳಿಗೆ 30,000 ರೂಪಾಯಿ ಲಾಭ ತೋರುವ ಅಂಗಡಿಯಲ್ಲಿ ಮಗನ ಸಂಬಳವೆಂದು 15,000 ರೂಪಾಯಿ ಖರ್ಚು ಬರೆದರೆ ಉಳಿಯುವುದು ಅರ್ಧವೇ. ಹಿರಿಯರಿಗೆ ಇದು ಕಹಿ ಲೆಕ್ಕ. ಆದರೂ ಆ ಮೊತ್ತವನ್ನು ಪ್ರತಿ ತಿಂಗಳು ಅವನ ಬ್ಯಾಂಕ್ ಖಾತೆಗೇ ಜಮಾ ಮಾಡುವುದು ಲೇಸು; ನಾಳೆ ಅವನು ಸ್ವಂತ ಉದ್ಯಮಕ್ಕೆ ಸಾಲ ಕೇಳಿದಾಗ ತೋರಿಸಬೇಕಾದ ಆದಾಯದ ದಾಖಲೆ ಅದೇ.