ಲಾಗ್‌ಗಳು ಯಾವ ಊರಿನಲ್ಲಿರಬೇಕು?

ಬೆಂಗಳೂರಿನ ಯಾವ ಸಾಫ್ಟ್‌ವೇರ್ ಕಂಪನಿಗೆ ಹೋಗಿ ‘ನಿಮ್ಮ ಡೇಟಾಬೇಸ್ ಎಲ್ಲಿದೆ’ ಎಂದು ಕೇಳಿದರೂ ಉತ್ತರ ಥಟ್ಟನೆ ಬರುತ್ತದೆ: ಮುಂಬೈ, ಇಲ್ಲವೇ ಹೈದರಾಬಾದ್, ಪುಣೆ. ಅದೇ ಜನರನ್ನು ‘ಲಾಗ್‌ಗಳು ಎಲ್ಲಿವೆ’ ಎಂದು ಕೇಳಿದರೆ ಒಬ್ಬರ ಮುಖ ಒಬ್ಬರು ನೋಡಿಕೊಳ್ಳುತ್ತಾರೆ. ಕ್ಲೌಡ್ ವ್ಯವಸ್ಥೆಗಳನ್ನು ಕಟ್ಟಿ ನಡೆಸುವ ಕೆಲಸದಲ್ಲಿ ಬಹುಕಾಲ ಕಳೆದಿರುವ ನನಗೆ ಆಡಿಟ್ ಸಭೆಗಳಲ್ಲಿ ಈ ಮೌನ ಎಷ್ಟೋ ಸಲ ಎದುರಾಗಿದೆ. ಅಲ್ಲಿ ಕೂತವರೆಲ್ಲ ಕೆಲಸ ಬಲ್ಲವರೇ. ಆದರೆ ಡೇಟಾಬೇಸ್‌ನ ಜಾಗವನ್ನು ಯಾರೋ ಕೂತು, ಚರ್ಚಿಸಿ ತೀರ್ಮಾನಿಸಿರುತ್ತಾರೆ; ಲಾಗ್ ಮಾತ್ರ ಯಾರೂ ಹೇಳದೆ ತಾನಾಗಿ ಎಲ್ಲೋ ಹೋಗಿ ಸೇರಿರುತ್ತದೆ.

ಲಾಗ್ ಎಂದರೆ ಸರ್ವರ್ ಕ್ಷಣಕ್ಷಣಕ್ಕೂ ಬರೆದಿಡುವ ದಿನಚರಿ. ಪಾವತಿ ಆ್ಯಪ್ ಒಂದರಲ್ಲಿ ವಹಿವಾಟು ಕೈಕೊಟ್ಟಾಗ ಬೀಳುವ ಒಂದೇ ಒಂದು ಸಾಲನ್ನು ಹತ್ತಿರದಿಂದ ನೋಡಿದರೂ ಸಾಕು. ಮೊದಲು ಸಮಯ, ಸೆಕೆಂಡಿನ ಸಾವಿರದಲ್ಲೊಂದು ಭಾಗದವರೆಗೆ. ಪಕ್ಕದಲ್ಲಿ ‘ಎರರ್’ ಎಂಬ ಹಣೆಪಟ್ಟಿ. ಆಮೇಲೆ ಗ್ರಾಹಕರ ಐಪಿ ವಿಳಾಸ, ಫೋನಿನ ಮಾದರಿ, ವಹಿವಾಟಿನ ಸಂಖ್ಯೆ. ಕೊನೆಯಲ್ಲಿ, ದೋಷ ಹುಡುಕಲು ಅನುಕೂಲವಾಗಲೆಂದು ಡೆವಲಪರ್ ಪೂರ್ತಿಯಾಗಿ ಸುರಿದ ಕೋರಿಕೆ; ಅದರೊಳಗೆ ಹತ್ತಂಕಿಯ ಮೊಬೈಲ್ ನಂಬರ್, ಯುಪಿಐ ಐಡಿ, ಮೊತ್ತ, ಕೆಲವೊಮ್ಮೆ ಹೆಸರು. ಡೇಟಾಬೇಸ್‌ನಲ್ಲಿ ಬೀಗ ಹಾಕಿ ಇಟ್ಟ ಮಾಹಿತಿಯೇ ಇಲ್ಲಿ ಯಾರು ಬೇಕಾದರೂ ಓದುವಂತೆ ಬಿದ್ದಿರುತ್ತದೆ.

ಆದ್ದರಿಂದಲೇ ಲಾಗ್ ಯಾವ ರೀಜನ್‌ನಲ್ಲಿ, ಅಂದರೆ ಕ್ಲೌಡ್ ಕಂಪನಿಯ ಯಾವ ಪ್ರದೇಶದ ಡೇಟಾ ಸೆಂಟರ್‌ಗಳಲ್ಲಿ, ಇರಬೇಕು ಎಂಬ ಪ್ರಶ್ನೆಗೆ ಭೂಪಟ ನೋಡಿ ಉತ್ತರ ಹೇಳಲಾಗದು. ಆ ಸಾಲಿನೊಳಗೆ ಯಾರ ಮಾಹಿತಿ ಇದೆ, ನಾಳೆ ಅದನ್ನು ಕೇಳಿಕೊಂಡು ಬರುವವರು ಯಾರು, ಯಾವ ಹೊತ್ತಿನಲ್ಲಿ ಅದು ಕೈಗೆ ಸಿಗಬೇಕು ಎಂಬುದನ್ನು ಮೊದಲು ತಿಳಿಯಬೇಕು.

ನಮ್ಮಲ್ಲಿ ಕೇಳುವವರು ಯಾರೆಂಬುದು ಸ್ಪಷ್ಟವಾಗಿದ್ದು 2022ರಲ್ಲಿ. ಸೈಬರ್ ಸುರಕ್ಷತೆಯ ರಾಷ್ಟ್ರೀಯ ಸಂಸ್ಥೆ ಸರ್ಟ್-ಇನ್ ಆ ವರ್ಷದ ಏಪ್ರಿಲ್ 28ರಂದು ಐಟಿ ಕಾಯ್ದೆಯ 70ಬಿ ಸೆಕ್ಷನ್ ಅಡಿಯಲ್ಲಿ ನಿರ್ದೇಶನ ಹೊರಡಿಸಿತು. ಸೈಬರ್ ಘಟನೆ ಗಮನಕ್ಕೆ ಬಂದ 6 ಗಂಟೆಯೊಳಗೆ ವರದಿ ಮಾಡಬೇಕು. ಎಲ್ಲ ವ್ಯವಸ್ಥೆಗಳ ಲಾಗ್‌ಗಳನ್ನು 180 ದಿನ ಉಳಿಸಿಕೊಳ್ಳಬೇಕು, ಅದೂ ಭಾರತದ ವ್ಯಾಪ್ತಿಯೊಳಗೆ. ಉದ್ಯಮದಲ್ಲಿ ಗದ್ದಲ ಎದ್ದಿತು. ಮುಂದಿನ ತಿಂಗಳು ಬಂದ ಪ್ರಶ್ನೋತ್ತರದಲ್ಲಿ, ಕೇಳಿದಾಗ ಸಕಾಲಕ್ಕೆ ಒದಗಿಸುವುದಾದರೆ ಲಾಗ್‌ಗಳು ಹೊರದೇಶದಲ್ಲಿಯೂ ಇರಬಹುದು ಎಂಬ ವಿವರಣೆ ಸಿಕ್ಕಿತು. ಅನೇಕರು ಅಷ್ಟಕ್ಕೇ ನೆಮ್ಮದಿಯ ನಿಟ್ಟುಸಿರು ಬಿಟ್ಟರು. ಪಾವತಿ ಕ್ಷೇತ್ರದವರಿಗೆ ಮಾತ್ರ ಆ ಸಡಿಲಿಕೆಯಿಂದ ಹೆಚ್ಚು ಪ್ರಯೋಜನವಿರಲಿಲ್ಲ. ಪಾವತಿ ವ್ಯವಸ್ಥೆಯ ಸಮಗ್ರ ಡೇಟಾ ಭಾರತದಲ್ಲಿ ಮಾತ್ರ ಇರಬೇಕೆಂದು ರಿಸರ್ವ್ ಬ್ಯಾಂಕ್ 2018ರ ಏಪ್ರಿಲ್ 6ರ ಸುತ್ತೋಲೆಯಲ್ಲೇ ಹೇಳಿತ್ತು. ಪಾವತಿ ಸಂದೇಶದ ಭಾಗವಾಗಿ ಸಂಗ್ರಹಿಸಿದ, ಸಾಗಿಸಿದ ಮಾಹಿತಿಯೆಲ್ಲ ಅದರಲ್ಲಿ ಸೇರುತ್ತದೆ. ಮೇಲೆ ಹೇಳಿದ ಲಾಗ್ ಸಾಲಿನ ಬಾಲವನ್ನು ಮತ್ತೊಮ್ಮೆ ಓದಿದರೆ, ಅದು ಈ ಮಾತಿನ ಹೊರಗಿದೆ ಎಂದು ವಾದಿಸುವುದು ಕಷ್ಟ.

ಭಾರತದಲ್ಲಿ ಜಾಗಕ್ಕೆ ಬರವಿಲ್ಲ. ಮೈಕ್ರೋಸಾಫ್ಟ್ 2015ರಲ್ಲೇ ಪುಣೆ, ಚೆನ್ನೈ, ಮುಂಬೈಗಳಲ್ಲಿ ರೀಜನ್ ತೆರೆಯಿತು. ಅಮೆಜಾನ್ 2016ರಲ್ಲಿ ಮುಂಬೈಗೆ, 2022ರಲ್ಲಿ ಹೈದರಾಬಾದಿಗೆ ಬಂತು. ಗೂಗಲ್ 2017ರಲ್ಲಿ ಮುಂಬೈಯಲ್ಲಿ, 2021ರಲ್ಲಿ ದೆಹಲಿಯಲ್ಲಿ ನೆಲೆಯೂರಿತು.

ತೊಡಕಿರುವುದು ಡಿಫಾಲ್ಟ್‌ಗಳಲ್ಲಿ. ಗೂಗಲ್ ಕ್ಲೌಡ್‌ನಲ್ಲಿ ಹೊಸ ಪ್ರಾಜೆಕ್ಟ್ ತೆರೆದ ಕೂಡಲೇ ‘ರಿಕ್ವೈರ್ಡ್’ ಮತ್ತು ‘ಡಿಫಾಲ್ಟ್’ ಎಂಬ ಎರಡು ಲಾಗ್ ಬಕೆಟ್‌ಗಳು, ಅಂದರೆ ಲಾಗ್ ಶೇಖರವಾಗುವ ಉಗ್ರಾಣಗಳು, ಹುಟ್ಟಿಕೊಳ್ಳುತ್ತವೆ. ಬೇರೇನೂ ಹೇಳದಿದ್ದರೆ ಎರಡರ ಸ್ಥಳವೂ ‘ಗ್ಲೋಬಲ್’. ಅಂದರೆ ಅವು ಯಾವ ದೇಶದಲ್ಲಿರುತ್ತವೆ ಎಂಬ ಭರವಸೆ ಇಲ್ಲ. ಆ್ಯಪ್ ಓಡುವುದು ಮುಂಬೈಯಲ್ಲೇ ಆದರೂ ಅಷ್ಟೆ. ಒಮ್ಮೆ ಹುಟ್ಟಿದ ಬಕೆಟ್‌ನ ರೀಜನ್ ಬದಲಿಸಲು ಬರುವುದಿಲ್ಲ. ಮುಂಬೈಯಲ್ಲಿ ಹೊಸ ಬಕೆಟ್ ಮಾಡಿ ‘ಡಿಫಾಲ್ಟ್’ನ ಹರಿವನ್ನು ಅತ್ತ ತಿರುಗಿಸಬಹುದು, ಆದರೆ ಹಳೆಯ ಲಾಗ್ ಇದ್ದಲ್ಲೇ ಉಳಿಯುತ್ತದೆ. ಆಡಳಿತಾತ್ಮಕ ಆಡಿಟ್ ಲಾಗ್‌ಗಳನ್ನು 400 ದಿನ ಇಟ್ಟುಕೊಳ್ಳುವ ‘ರಿಕ್ವೈರ್ಡ್’ನ ಹರಿವನ್ನಂತೂ ತಿರುಗಿಸಲೂ ಆಗದು. ಪ್ರಾಜೆಕ್ಟ್ ತೆರೆಯುವ ಮೊದಲೇ ಇಡೀ ಸಂಸ್ಥೆಯ ಮಟ್ಟದಲ್ಲಿ ಸ್ಥಳ ನಿಗದಿ ಮಾಡಿರಬೇಕು. ಅಮೆಜಾನ್‌ನಲ್ಲಿ ಕಥೆ ಬೇರೆ. ಅಲ್ಲಿ ಲಾಗ್‌ಗಳು ಆಯಾ ರೀಜನ್‌ನಲ್ಲೇ ನಿಲ್ಲುತ್ತವೆ. ಆದರೆ ಅನುಮತಿ ನಿರ್ವಹಣೆಯಂಥ ಜಾಗತಿಕ ಸೇವೆಗಳ ದಾಖಲೆಗಳು ಅಮೆರಿಕದ ವರ್ಜೀನಿಯಾ ರೀಜನ್‌ನಲ್ಲಿ ಕಾಣಿಸಿಕೊಳ್ಳುತ್ತವೆ. ಎಲ್ಲ ರೀಜನ್‌ಗಳನ್ನೂ ಒಳಗೊಳ್ಳುವ ‘ಟ್ರೇಲ್’ (ದಾಖಲೆಗಳನ್ನು ಹಿಡಿದು ಕಳಿಸುವ ವ್ಯವಸ್ಥೆ) ಹಾಕಿ ಮುಂಬೈಯ ಬಕೆಟ್‌ಗೆ ತರಿಸಿಕೊಳ್ಳದಿದ್ದರೆ 90 ದಿನಗಳಾಚೆಗೆ ಅವು ಕಾಣೆ. ಈಗ ನಾವು ಹೊಸ ಗ್ರಾಹಕರ ಕೆಲಸ ಹಿಡಿದಾಗ ಮೊದಲ ಸರ್ವರ್‌ಗೂ ಮುಂಚೆ ಲಾಗ್‌ನ ಸ್ಥಳವನ್ನು ಗೊತ್ತುಮಾಡುತ್ತೇವೆ.

ಹಣದ ಲೆಕ್ಕವೂ ಇದೆ. ನಾನು ಕೆಲಸ ಮಾಡಿದ ಒಂದು ಸಂಸ್ಥೆಯ ಭದ್ರತಾ ತಂಡ ಅಮೆರಿಕದಲ್ಲಿತ್ತು. ಎಲ್ಲ ದೇಶಗಳ ಲಾಗ್ ಒಂದೇ ಕಡೆ ಇದ್ದರೆ ಹುಡುಕಲು ಸುಲಭ ಎಂದು ಎಲ್ಲವನ್ನೂ ವರ್ಜೀನಿಯಾಗೆ ಸಾಗಿಸಲಾಗುತ್ತಿತ್ತು. ಅಮೆಜಾನ್‌ನ ದರಪಟ್ಟಿಯಲ್ಲಿ ವರ್ಜೀನಿಯಾದಿಂದ ಬಹುತೇಕ ರೀಜನ್‌ಗಳಿಗೆ ಒಂದು ಜಿಬಿ ಕಳಿಸಲು 2 ಸೆಂಟ್ ಆದರೆ ಮುಂಬೈಯಿಂದ ಕಳಿಸಲು 8.6 ಸೆಂಟ್. ದಿನಕ್ಕೆ 100 ಜಿಬಿ ಲಾಗ್ ಹೊರಟರೆ ಸಾಗಣೆಗೇ ತಿಂಗಳಿಗೆ 250 ಡಾಲರ್ ಮೀರುತ್ತದೆ. ಇಡುವ, ಹುಡುಕುವ ಖರ್ಚು ಬೇರೆ. ನಾವು ಲಾಗ್‌ಗಳನ್ನು ಹುಟ್ಟಿದಲ್ಲೇ ಬಿಟ್ಟು, ಹುಡುಕಾಟವನ್ನು ಅಲ್ಲಿಗೆ ಕಳಿಸಿ, ಎಚ್ಚರಿಕೆಯ ಸಂದೇಶಗಳನ್ನಷ್ಟೇ ಒಂದೆಡೆ ಸೇರಿಸಿದೆವು. ಬಿಲ್ ಇಳಿಯಿತು. ಸಮುದ್ರ ದಾಟಿ ಹೋಗುವ ಮಾಹಿತಿಯೂ ಇಳಿಯಿತು, ನನ್ನ ಪಾಲಿಗೆ ದೊಡ್ಡ ಲಾಭ ಅದೇ.

ಹತ್ತಿರದ ರೀಜನ್ ಆದರೆ ವೇಗ ಎಂಬ ವಾದಕ್ಕೆ ಇಲ್ಲಿ ಬೆಲೆ ಕಡಿಮೆ. ಲಾಗ್ ಕಂತುಕಂತಾಗಿ ಹಿಂದಿನಿಂದ ಹೋಗುತ್ತಿರುತ್ತದೆ, ಅದಕ್ಕಾಗಿ ಗ್ರಾಹಕರು ಕಾಯುವುದಿಲ್ಲ.

ಕಾಯುವುದು ಅನಾಹುತವಾದಾಗ. 2021ರ ಡಿಸೆಂಬರ್ 7ರಂದು ವರ್ಜೀನಿಯಾ ರೀಜನ್‌ನಲ್ಲಿ ಅಮೆಜಾನ್‌ನ ಒಳಜಾಲ ಕಿಕ್ಕಿರಿದು ಸೇವೆಗಳು ಕುಸಿದವು. ಆ ದಿನ ತನ್ನ ಎಂಜಿನಿಯರುಗಳಿಗೇ ನೇರ ನಿಗಾ ಮಾಹಿತಿ ಸಿಗದೆ ಹೋಯಿತು, ಅವರು ಲಾಗ್‌ಗಳನ್ನು ನೆಚ್ಚಿಕೊಂಡು ಕಾರಣ ಹುಡುಕಬೇಕಾಯಿತು ಎಂದು ಕಂಪನಿಯೇ ನಂತರ ಬರೆಯಿತು. ರೀಜನ್ ಏಕೆ ಬಿತ್ತೆಂದು ಹೇಳುವ ಲಾಗ್ ಅದೇ ರೀಜನ್‌ನೊಳಗೆ ಸಿಕ್ಕಿಕೊಂಡರೆ ಏನಾಗುತ್ತದೆ ಎಂದು ಅಂದಿನಿಂದ ಹಲವು ತಂಡಗಳು ಯೋಚಿಸತೊಡಗಿದವು. ಅದೇ ವರ್ಷ ಮಾರ್ಚ್ 10ರಂದು ಫ್ರಾನ್ಸಿನ ಸ್ಟ್ರಾಸ್‌ಬರ್ಗ್‌ನಲ್ಲಿ ಓವಿಎಚ್ ಕಂಪನಿಯ ಒಂದು ಡೇಟಾ ಸೆಂಟರ್ ಸುಟ್ಟುಹೋದಾಗ, ಬ್ಯಾಕಪ್ಪನ್ನೂ ಅದೇ ಆವರಣದಲ್ಲಿ ಇಟ್ಟಿದ್ದ ಗ್ರಾಹಕರಿಗೆ ಏನೂ ಉಳಿಯಲಿಲ್ಲ. 2025ರ ಸೆಪ್ಟೆಂಬರ್‌ನಲ್ಲಿ ದಕ್ಷಿಣ ಕೊರಿಯಾದ ಡೇಜಾನ್‌ನಲ್ಲಿ ಬ್ಯಾಟರಿಯಿಂದ ಹೊತ್ತಿದ ಬೆಂಕಿ ಸರ್ಕಾರಿ ನೌಕರರ 858 ಟೆರಾಬೈಟ್ ಕಡತಗಳನ್ನು ನುಂಗಿತು. ಅದಕ್ಕೆ ಬೇರೆಡೆ ಪ್ರತಿಯೇ ಇರಲಿಲ್ಲ.

ಮುಂಬೈಯಲ್ಲಿ 2005ರ ಜುಲೈ 26ರಂದು ಸಾಂತಾಕ್ರೂಜ್‌ನಲ್ಲಿ ಒಂದೇ ದಿನ 944 ಮಿಲಿಮೀಟರ್ ಮಳೆ ಸುರಿದದ್ದನ್ನು ನೆನೆದರೆ, ಆರುನೂರು ಕಿಲೋಮೀಟರಿಗೂ ದೂರದ, ದಖ್ಖನ್ ಪ್ರಸ್ಥಭೂಮಿಯ ಹೈದರಾಬಾದ್ ಎರಡನೇ ಪ್ರತಿಗೆ ಒಳ್ಳೆಯ ಜಾಗ ಅನ್ನಿಸುತ್ತದೆ. ದೇಶದ ಗಡಿ ದಾಟದೆಯೇ ಕರಾವಳಿಯ ಅಪಾಯದಿಂದ ದೂರ ಸರಿಯಬಹುದು. ಎಲ್ಲ ಲಾಗ್‌ಗೂ ಎರಡನೇ ಪ್ರತಿ ಬೇಕಿಲ್ಲ. ಆಡಿಟ್ ಮತ್ತು ಭದ್ರತೆಯ ಲಾಗ್‌ಗಳಿಗೆ ಇದ್ದರೆ ಸಾಕು.

ಯುರೋಪಿನ ಗ್ರಾಹಕರಿರುವ ಬೆಂಗಳೂರಿನ ಕಂಪನಿಗಳಿಗೆ ಇನ್ನೊಂದು ಸೂಕ್ಷ್ಮವಿದೆ. ಬದಲಾಗುತ್ತಲೇ ಇರುವ ಐಪಿ ವಿಳಾಸವೂ ವೈಯಕ್ತಿಕ ಮಾಹಿತಿಯಾಗಬಲ್ಲದು ಎಂದು ಯುರೋಪಿನ ನ್ಯಾಯಾಲಯ 2016ರಲ್ಲಿ ಬ್ರೇಯರ್ ಪ್ರಕರಣದಲ್ಲಿ ಹೇಳಿತು. ಹೀಗಾಗಿ ಫ್ರಾಂಕ್‌ಫರ್ಟ್‌ನ ಸಾದಾ ವೆಬ್ ಲಾಗ್ ಕೂಡ ಅಲ್ಲಿನ ಡೇಟಾ ರಕ್ಷಣಾ ಕಾನೂನಾದ ಜಿಡಿಪಿಆರ್‌ನ ವ್ಯಾಪ್ತಿಗೆ ಬಂತು. ಲಾಗ್ ಫ್ರಾಂಕ್‌ಫರ್ಟ್‌ನಲ್ಲೇ ಇದ್ದು, ರಾತ್ರಿ ಪಾಳಿಯ ಎಂಜಿನಿಯರ್ ವೈಟ್‌ಫೀಲ್ಡ್‌ನ ಮನೆಯಿಂದ ಅದನ್ನು ತೆರೆದು ನೋಡಿದರೆ? ಯುರೋಪಿನ ನಿಯಂತ್ರಕರ ಪ್ರಕಾರ ಹೊರದೇಶದ ಇನ್ನೊಂದು ಸಂಸ್ಥೆಗೆ ಹಾಗೆ ದೂರದಿಂದ ನೋಡಲು ಬಿಡುವುದೂ ಮಾಹಿತಿಯನ್ನು ಸಾಗಿಸಿದಂತೆಯೇ. ಯುರೋಪಿನ ಬಳಕೆದಾರರ ಮಾಹಿತಿಯನ್ನು ಅಮೆರಿಕಕ್ಕೆ ಸಾಗಿಸಿದ್ದಕ್ಕೆ ಮೆಟಾ ಕಂಪನಿಗೆ 2023ರಲ್ಲಿ ಬಿದ್ದ ದಂಡ 120 ಕೋಟಿ ಯೂರೊ. ಇಂಥ ಕಡೆ ನಾವು ಐಪಿಯ ಕೊನೆಯ ಭಾಗವನ್ನೂ ಗ್ರಾಹಕರ ಗುರುತನ್ನೂ ಲಾಗ್ ಬರೆಯುವ ಹಂತದಲ್ಲೇ ಅಳಿಸುತ್ತೇವೆ. ದೋಷ ಹುಡುಕಲು ಬೇಕಾಗುವುದು ವಹಿವಾಟಿನ ಸಂಖ್ಯೆ ಮತ್ತು ಸಮಯ. ಹೆಸರು ಬೇಕಾದ ಸಂದರ್ಭ ತೀರಾ ಅಪರೂಪ.

ಸ್ಥಳ ಸರಿಯಾಗಿದ್ದೂ ಕೈಗೆ ಸಿಗದ ಲಾಗ್‌ಗಳೂ ಉಂಟು. ಅಗ್ಗವೆಂದು ಮುಂಬೈಯಲ್ಲೇ ಅಮೆಜಾನ್‌ನ ‘ಡೀಪ್ ಆರ್ಕೈವ್’ಗೆ ಲಾಗ್‌ಗಳನ್ನು ದೂಡುವ ತಂಡಗಳನ್ನು ನೋಡಿದ್ದೇನೆ. ಅಲ್ಲಿಂದ ಸಾಮಾನ್ಯ ದರದಲ್ಲಿ ಹೊರತೆಗೆಯಲು 12 ಗಂಟೆಯವರೆಗೆ ಹಿಡಿಯುತ್ತದೆ, ಅಗ್ಗದ ದಾರಿಯಲ್ಲಾದರೆ 48 ಗಂಟೆ. ಸರ್ಟ್-ಇನ್ ಕೇಳುವುದು 6 ಗಂಟೆಯೊಳಗಿನ ವರದಿ, ಅದರ ಜೊತೆಗೆ ಲಾಗ್. ಮೇಲಾಗಿ ಅಲ್ಲಿಟ್ಟ ಕಡತಕ್ಕೆ ಕನಿಷ್ಠ 180 ದಿನಗಳ ಬಾಡಿಗೆ ಕಟ್ಟಲೇಬೇಕು. ಹಾಗಾಗಿ ಮೊದಲ 180 ದಿನದ ಲಾಗ್‌ಗಳನ್ನು ತಕ್ಷಣ ತೆರೆಯಬಹುದಾದ ಸಂಗ್ರಹದಲ್ಲೇ ಇಟ್ಟು, ಅದಕ್ಕಿಂತ ಹಳೆಯದರಲ್ಲಿ ಕಾನೂನಿಗೋ ತನಿಖೆಗೋ ಬೇಕಾದದ್ದನ್ನು ಮಾತ್ರ ಆರ್ಕೈವ್‌ಗೆ ಕಳಿಸುತ್ತೇವೆ. ಆಗಾಗ ಐದು ತಿಂಗಳ ಹಿಂದಿನ ಯಾವುದೋ ಒಂದು ದಿನಾಂಕ ಕೊಟ್ಟು, ಆ ದಿನದ ಲಾಗಿನ್ ದಾಖಲೆ ತಂದು ತೋರಿಸಿ ಎಂದು ತಂಡದ ಕಿರಿಯರಿಗೆ ಹೇಳುತ್ತೇವೆ. ಅದು ಯಾವ ರೀಜನ್‌ನಿಂದ, ಎಷ್ಟು ಹೊತ್ತಿನಲ್ಲಿ, ಯಾರ ಅನುಮತಿಯ ಮೇಲೆ ಬಂತು ಎಂಬುದನ್ನೂ ಬರೆದಿಡುತ್ತಾರೆ.